ಅವರ ಕೋಡಿನಲ್ಲಿ ನಾನು ತಿದ್ದಿದ ಸೊನ್ನೆ

ಥ್ರೀ ಫೇಸ್ ಕರೆಂಟ್ ಹೋದರೆ ಪ್ರಭುಲಿಂಗ ಬರುತ್ತಿದ್ದರು.

ಬನಹಟ್ಟಿಯಲ್ಲಿ ಆ ಹೊತ್ತು ಯಾರ ಕಿವಿಗೂ ತಪ್ಪುವಂತಿರಲಿಲ್ಲ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತಿದ್ದವು. ಆಮೇಲೆ ಉಳಿಯುವ ಸಿಂಗಲ್ ಫೇಸಿಗೆ ಮಗ್ಗ ಓಡುವುದಿಲ್ಲ. ನಾನು ಪಾಠ ಹೇಳುತ್ತಿದ್ದ ಸೆಂಟರಿನ ಆರು ಕಂಪ್ಯೂಟರುಗಳು ಮಾತ್ರ ಓಡುತ್ತಿದ್ದವು. ಮಗ್ಗ ನಿಂತ ಐದು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಅಷ್ಟರಲ್ಲಿ ನಾನು ಎರಡು ಸಲ ಜಡೆ ಮುಟ್ಟಿ ನೋಡಿಕೊಂಡು, ಯಾರಾದರೂ ಗಮನಿಸಿದರೇ ಎಂದು ಸುತ್ತ ನೋಡಿ, ಹಾಜರಿ ಪುಸ್ತಕ ತೆರೆದು ಕೂತಿರುತ್ತಿದ್ದೆ.

ಅದು ಎರಡು ಸಾವಿರದ ಹನ್ನೆರಡನೆಯ ಇಸವಿ. ಬಿಸಿಎ ಮುಗಿಸಿ ಚಿಮ್ಮಡದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಅಪ್ಪ ಕಾಮಣ್ಣ ಕುರಿ ಕಾಯುವವರು. "ನಮ್ಮ ರಂಜನಾ ಕಂಪ್ಯೂಟರ್ ಸಾಲಿ ಕಲಸ್ತಾಳ" ಎಂದು ಹಿಂಡು ಬಿಟ್ಟ ಊರಲ್ಲೆಲ್ಲ ಹೇಳಿಬರುತ್ತಿದ್ದರಂತೆ.

ಪ್ರಭುಲಿಂಗ ಮೊದಲ ದಿನ ಬಂದಾಗ ಅವರ ತಲೆಗೂದಲ ಮೇಲೆ ಹತ್ತಿಯ ನವಿರು ಧೂಳು ಇತ್ತು. ಒರೆಸಿಕೊಳ್ಳಿ ಎಂದು ಹೇಳಬೇಕೆನಿಸಿತು.

"ಇಲ್ಲಿ ಸಿ ಲ್ಯಾಂಗ್ವೇಜ್ ಕಲಸ್ತೀರೇನ್ರಿ ಮೇಡಮ್ಮಾರ?"

"ಕಲಸ್ತೀವ್ರಿ. ಕೂಡ್ರಿ."

ಅವರು ಪರದೆಯನ್ನೇ ನೋಡಿದರು. "ಸಾಫ್ಟ್‌ವೇರ್ ಎಲ್ಲೈತ್ರಿ?"

"ಇದರಾಗ ಇಲ್ರಿ. ಬ್ರೌಸರಿನಾಗ ಕೋಡ್ ಬರದು ರನ್ ಒತ್ತಿದ್ರ ಅದು ಎಲ್ಲೋ ದೂರದ ಮಷಿನ್‌ಗೆ ಹೋಗತೈತಿ. ಅಲ್ಲಿ ಓಡಿ, ಉತ್ತರ ಇಲ್ಲಿ ಬರತೈತಿ."

"ಅಂದ್ರ ನೂಲು ನಮ್ಮದು, ಮಗ್ಗ ಬ್ಯಾರೇದವ್ರದು."

"ಹಂಗಽ ತಿಳ್ಕೊರಿ."

"ಅದೂ ಪುಕ್ಕಟೆ?"

"ಪುಕ್ಕಟೆ."

"ಹಂಗಾದ್ರ ನಮ್ಮಪ್ಪಗ ಹೇಳಬ್ಯಾಡ್ರಿ. ನಂಬೂದಿಲ್ಲ."

ನಾನು ನಕ್ಕೆ. ನಕ್ಕದ್ದು ಹೆಚ್ಚಾಯಿತೇ ಎಂದು ಬಸ್ಸಿನಲ್ಲಿ ಚಿಮ್ಮಡದವರೆಗೂ ಯೋಚಿಸಿದೆ.

ಆ ವೆಬ್‌ಸೈಟು ಈಗ ಇಲ್ಲ. ಎಡಕ್ಕೆ ಬಿಳಿ ಪೆಟ್ಟಿಗೆ, ಬಲಕ್ಕೆ ಕಪ್ಪು ಪೆಟ್ಟಿಗೆ, ನಡುವೆ ಹಸಿರು ಬಟನ್. ಒತ್ತಿದ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ನಮ್ಮ ನೆಟ್ಟಿಗೆ ಆ ಚಕ್ರ ಒಂದು ನಿಮಿಷವೂ ತಿರುಗಿದ್ದುಂಟು. ಆ ನಿಮಿಷದಲ್ಲಿ ಇಬ್ಬರಿಗೂ ಮಾಡಲು ಬೇರೆ ಕೆಲಸವಿರುತ್ತಿರಲಿಲ್ಲ. ಅವರು ಪರದೆ ನೋಡುತ್ತಿದ್ದರು, ನಾನು ಪರದೆಯ ಗಾಜಿನಲ್ಲಿ ಅವರನ್ನು ನೋಡುತ್ತಿದ್ದೆ. ಒಂದು ದಿನ ಗಾಜಿನಲ್ಲಿ ಅವರ ಕಣ್ಣೂ ನನ್ನ ಕಡೆಗೇ ಇತ್ತು. ಚಕ್ರ ನಿಂತು ಉತ್ತರ ಬಂದಿತ್ತು. ಇಬ್ಬರೂ ಓದಲಿಲ್ಲ.

ಅವರಿಗೆ ಬೇಕಿದ್ದದ್ದು ನೌಕರಿಯಲ್ಲ, ಒಂದು ಹೂವು. ಸೀರೆಯ ಅಂಚಿನ ಹೂವು.

ಅವರ ಮನೆಯ ಮಗ್ಗಗಳ ಮೇಲೆ ಡಾಬಿ ಎಂಬ ಯಂತ್ರವಿತ್ತು. ಅದಕ್ಕೆ ಮರದ ಪಟ್ಟಿಗಳ ಮಾಲೆ. ಪಟ್ಟಿಯ ತೂತಿನಲ್ಲಿ ಗೂಟ ಹೊಡೆದಿದ್ದರೆ ಆ ನೂಲು ಮೇಲೇಳುತ್ತದೆ, ಖಾಲಿ ಇದ್ದರೆ ಕೆಳಗೇ ಉಳಿಯುತ್ತದೆ. ಎಲ್ಲಿ ಗೂಟ, ಎಲ್ಲಿ ಖಾಲಿ ಎಂದು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುವುದಕ್ಕೆ ವಾರ ಹಿಡಿಯುತ್ತಿತ್ತು. ಒಂದು ಎಸಳಿನ ಕೋಡ್ ಬರೆದರೆ ಅದನ್ನೇ ಮತ್ತೆ ಮತ್ತೆ ಓಡಿಸುವ ಲೂಪ್ ಉಳಿದ ಎಸಳನ್ನು ಬರೆಯುತ್ತದೆ ಎಂದು ಅವರಿಗೆ ಹೊಳೆದಿತ್ತು. ಗೂಟಕ್ಕೆ ನಕ್ಷತ್ರ, ಖಾಲಿಗೆ ಚುಕ್ಕಿ.

ಮೂರು ತಿಂಗಳು ಬರೆದರು. ಅವರ ಅಪ್ಪ ಕಾಶಪ್ಪ ಕೊನೆಗೆ ಒಪ್ಪಿದರು, ಆದರೆ ಒಂದೇ ಮಗ್ಗ, ಒಂದೇ ದಿನ. ಹೂವು ಬಂದರೆ ಮುಂದಿನ ಡಿಸೈನ್ ಎಲ್ಲ ಮಗನ ಕೈಗೆ. ಬರದಿದ್ದರೆ ಮತ್ತೆ ನಮ್ಮ ಮೆಟ್ಟಿಲು ಹತ್ತುವ ಹಾಗಿಲ್ಲ.

"ನಾಳೆ ನಮ್ಮ ಕಡೆ ಥ್ರೀ ಫೇಸ್ ಇರತೈತಿ, ಬರಾಕ ಆಗೂದಿಲ್ರಿ" ಎಂದು ಅವರು ಕೋಡಿನ ಲಿಂಕನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದರು. "ಪ್ರಿಂಟ್ ತಗದು ಇಡ್ರಿ. ನಿಮ್ಮ ಕ್ಲಾಸಿಗೆ ಬರೂ ನಮ್ಮ ಓಣಿ ಮಾಲಾನ ಕೈಯಾಗ ಕಳಸ್ರಿ."

ಮರುದಿನ ಲಿಂಕ್ ತೆರೆದು ರನ್ ಒತ್ತಿದೆ. ಅಲ್ಲಿಯವರೆಗೆ ಪರದೆಯಲ್ಲಿ ನಾವು ನೋಡಿದ್ದು ನಕ್ಷತ್ರಗಳ ಹೂವನ್ನೇ; ಈಗ ಬಂದದ್ದು ಬೇರೆ. ಹೂವಿನ ಸುತ್ತ ತುಂಬ ನಕ್ಷತ್ರ, ಹೂವು ಇರಬೇಕಾದ ಜಾಗ ಬರೀ ಚುಕ್ಕಿ. ಪೂರ್ತಿ ಉಲ್ಟಾ! ಕೋಡಿನೊಳಗೆ ಹುಡುಕಿದೆ, ಒಂದು ಷರತ್ತಿನಲ್ಲಿ ಒಂದು ಎಂದು ಇರಬೇಕಾದಲ್ಲಿ ಸೊನ್ನೆ ಇತ್ತು. ಕೇಳೋಣವೆಂದರೆ ಮಗ್ಗದ ಗದ್ದಲದಲ್ಲಿ ಅವರು ಫೋನ್ ಎತ್ತುವುದಿಲ್ಲ. ಸೊನ್ನೆ ಅಳಿಸಿ ಒಂದು ಬರೆದೆ. ಸೇವ್ ಮಾಡಿದೆ. ಕಪ್ಪು ಪೆಟ್ಟಿಗೆಯಲ್ಲಿ ನಕ್ಷತ್ರಗಳ ಹೂವು ಅರಳಿ ನಿಂತಿತು. ಅವರನ್ನು ಅವಮಾನದಿಂದ ಉಳಿಸಿದೆನೆಂಬ ಖುಷಿಯಲ್ಲಿ ಪ್ರಿಂಟನ್ನು ಎರಡು ಕವರಿನೊಳಗೆ ಹಾಕಿ ಮಾಲಾಳ ಕೈಗೆ ಕೊಟ್ಟೆ. ಆ ದಿನ ನನಗೆ ನಾನೇ ಚೆಂದ ಕಂಡೆ.

ಎರಡು ದಿನ ಬಿಟ್ಟು ಮಾಲಾ ಕ್ಲಾಸಿಗೆ ಬಂದವಳೇ ಬಾಯಿ ಮುಚ್ಚಿ ನಗತೊಡಗಿದಳು.

"ಪ್ರಭಣ್ಣಂದು ಫಜೀತಿ ಆತ್ರಿ ಟೀಚರ್. ಇಡೀ ದಿನ ಗೂಟ ಹೊಡದು ಮಗ್ಗ ಚಾಲೂ ಮಾಡಿದ್ರ ಹೂ ಮ್ಯಾಲ ಬಂತು! ಅವರ ಮಗ್ಗ ಓಡಸೂ ಶಿದ್ರಾಮಪ್ಪ ಕಾಕಾ ಎಲ್ಲಾರ ಮುಂದ ಅಂದ, 'ಹೂ ಒಳಗ ಮಾಡಿ ಉಡೂ ಹೆಂಗಸು ಯಾವ ಊರಾಗ ಅದಾಳೋ ತಮ್ಮಾ?'"

"ಮ್ಯಾಲ ಬಂದ್ರ ಛಲೋ ಅಲ್ಲೇನು?" ಎಂದೆ.

ಮಾಲಾ ನನ್ನನ್ನು ಕನಿಕರದಿಂದ ನೋಡಿದಳು. "ಅಂಚಿನ ಸೀರಿ ಬೋರಲ ನೇಯತಾರ್ರಿ ಟೀಚರ್. ಮ್ಯಾಲ ಕಾಣೂದು ಹಿಂದಿನ ಮೈ. ಹೂ ಕೆಳಗ ಬೀಳಬೇಕು. ನೇಕಾರ್ರ ಮನ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ."

ಹೂವಿದ್ದಲ್ಲಿ ನೂಲು ಏಳಬಾರದು, ಅದಕ್ಕೇ ಅಲ್ಲಿ ಖಾಲಿ. ಅವರ ಸೊನ್ನೆ ಸರಿಯಾಗಿಯೇ ಇತ್ತು.

"ಅವರು ಏನಂದ್ರು?"

"ಏನಂತಾರ? 'ನನ್ನ ಕೋಡ್ ತಪ್ಪೈತಿ' ಅಂದ್ರು. ಸುಮ್ಮ ಗೂಟ ಬಿಚ್ಚಿ ಹಳೇ ಡಿಸೈನ್ ಹಾಕಿದ್ರು."

ಆಮೇಲೆ ಹನ್ನೊಂದು ದಿನ. ದಿನಾ ಥ್ರೀ ಫೇಸ್ ಹೋಗುತ್ತಿತ್ತು, ಮಗ್ಗಗಳು ನಿಲ್ಲುತ್ತಿದ್ದವು, ಮೆಟ್ಟಿಲು ಖಾಲಿ ಇರುತ್ತಿತ್ತು. ಹೇಳದಿದ್ದರೆ, ಮೂರು ತಿಂಗಳು ಕಟ್ಟಿದ್ದನ್ನು ತಮ್ಮದೇ ತಪ್ಪೆಂದುಕೊಂಡು ಅವರು ಬಿಟ್ಟುಬಿಡುತ್ತಾರೆ. ಹೇಳಿದರೆ, ಕೇಳದೆ ಕೈ ಹಾಕಿದವಳೆಂದು ನನ್ನನ್ನು ಬಿಡುತ್ತಾರೆ. ಮೆಸೇಜ್ ಬರೆದೆ, ಅಳಿಸಿದೆ. 'ಕ್ಷಮಿಸಿ' ಎಂದು ಶುರು ಮಾಡಬೇಕೋ 'ನಮಸ್ಕಾರ' ಎಂದೋ ಎಂಬುದರಲ್ಲೇ ಮೂರು ಸಂಜೆ ಕಳೆದವು.

ಹನ್ನೆರಡನೆಯ ದಿನ ಕ್ಲಾಸ್ ನಡುವೆಯೇ ಎದ್ದೆ. ಮಾಲಾಳನ್ನು ಕರೆದುಕೊಂಡು ಓಣಿಯ ಕೊನೆಯಲ್ಲಿದ್ದ ಅವರ ಮಗ್ಗದ ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಗದ್ದಲ ಎದೆಗೆ ಬಡಿಯಿತು. ಹೊಸಬರನ್ನು ಕಂಡು ಕಾಶಪ್ಪ ಒಂದೊಂದಾಗಿ ಮಗ್ಗ ನಿಲ್ಲಿಸಿದರು. ನಾಲ್ಕೂ ನಿಂತವು. ಮೂಲೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಪ್ರಭುಲಿಂಗರ ತಾಯಿ ಬೋರವ್ವ ಕೈ ತಡೆದರು. ಪ್ರಭುಲಿಂಗ ನನ್ನನ್ನು ನೋಡಿ ಬೇಡವೆನ್ನುವಂತೆ ತಲೆ ಅಲ್ಲಾಡಿಸಿದರು.

"ಅವರ ಕೋಡ್ ತಪ್ಪಿರಲಿಲ್ರಿ" ಎಂದೆ. "ಸೊನ್ನಿ ಇದ್ದಲ್ಲಿ ನಾನು ಒಂದು ಬರದೆ. ಅವರನ್ನ ಕೇಳಲಿಲ್ಲ. ಸೀರಿ ಬೋರಲ ನೇಯತಾರ ಅಂತ ನನಗ ಗೊತ್ತಿರಲಿಲ್ಲ. ತಪ್ಪು ನಂದು."

ಕಾಶಪ್ಪ ಮಗನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಮೂರನೇ ದಿನ ಲಿಂಕ್ ತಗದು ನೋಡಿದ್ನಿ."

"ಮತ್ತ ಅವತ್ತಿನಿಂದ ನಂದಽ ತಪ್ಪು ಅಂತ ಮಾರಿ ಕೆಳಗ ಮಾಡ್ಕೊಂಡು ತಿರಗಾಕತ್ತಿದಿ?"

ಪ್ರಭುಲಿಂಗ ಮಗ್ಗದ ಮೇಲಿನ ನೂಲಿನ ಗಂಟು ಬಿಡಿಸುತ್ತ ನಿಂತರು. ಅಲ್ಲಿ ಗಂಟೇನೂ ಇರಲಿಲ್ಲ.

ಶಿದ್ರಾಮಪ್ಪ ಕೆಮ್ಮಿದ. "ಕಾಶಪ್ಪಣ್ಣ, ತಮ್ಮನ ಹೂ ಯಾವ ಕಡೆ ಬಿದ್ದೈತಿ ಅಂತ ಈಗ ತಿಳೀತು."

"ಸುಮ್ಕಿರೋ ನೀ." ಕಾಶಪ್ಪ ನನ್ನ ಕಡೆ ನೋಡಿದರು. ಬೈಯುತ್ತಾರೆಂದು ಕಾದೆ. "ಕೆಡಿಸಿದವ್ರು ನೀವು, ಕಟ್ಟವ್ರೂ ನೀವಽ. ಐತವಾರ ಬರ್ರಿ. ಇನ್ನೊಂದು ದಿನ ಕೊಡತೀನಿ. ಕಡೀದು."

ಭಾನುವಾರ ನಾವಿಬ್ಬರೂ ನೆಲದ ಮೇಲೆ ಎದುರುಬದುರು ಕೂತೆವು. ಸೊನ್ನೆಯನ್ನು ಮತ್ತೆ ಸೊನ್ನೆ ಮಾಡಿ ತೆಗೆದ ಪ್ರಿಂಟ್ ನನ್ನ ತೊಡೆಯ ಮೇಲೆ. ಗೂಟದ ಡಬ್ಬಿ ಅವರ ಪಕ್ಕ. ನಾನು ಓದಬೇಕು, ಅವರು ಹೊಡೆಯಬೇಕು.

"ಗೂಟ, ಗೂಟ, ಖಾಲಿ, ಖಾಲಿ, ಖಾಲಿ, ಗೂಟ."

"ಸಾವಕಾಶ ಓದ್ರಿ. ಹಿಂದ ಯಾರೂ ಬೆನ್ನ ಹತ್ತಿಲ್ಲ."

"ಅಷ್ಟು ದಿನ ಯಾಕ ಬರಲಿಲ್ರಿ?" ಹಾಳೆಯಿಂದ ಕಣ್ಣೆತ್ತದೆ ಕೇಳಿದೆ.

"ಬಂದಿದ್ರ ನನ್ನ ಮಾರಿ ನೋಡಿ, ನನಗ ಗೊತ್ತಾಗೈತಿ ಅಂತ ನಿಮಗ ಗೊತ್ತಾಗತಿತ್ತು. ನೀವು ಅಂಜತೀರಿ. ಸೆಂಟರ್ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡತೀರಿ, ಕೆಳಗಿಳದು ಮತ್ತ ಹೋಗಿ ಒಮ್ಮೆ ಜಗ್ಗತೀರಿ."

"ಅದನ್ನ ನೀವು ಎಲ್ಲಿಂದ ನೋಡಿದ್ರಿ?"

"ಎದುರಿನ ಚಾದ ಅಂಗಡ್ಯಾಗಿಂದ. ದಿನಾ."

ಯಾವ ಸಾಲು ಓದುತ್ತಿದ್ದೆನೆಂದು ಮರೆತುಹೋಯಿತು. ಕದ್ದು ನೋಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಪ್ರಿಂಟ್ ಒಮ್ಮೆ ನೋಡಬೇಕಿತ್ರಿ ನೀವು" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ನಿಮ್ಮ ಕೈಯಿಂದ ಬಂದದ್ದು. ನೋಡಲಿಲ್ಲ." ಗೂಟ ಹಿಡಿದು ಕಾದರು. "ಮುಂದ ಓದ್ರಿ. ಈ ಪಟ್ಟಿ ಹಂಗಽ ಉಳದೈತಿ."

ಇಳಿಹೊತ್ತಿಗೆ ಪಟ್ಟಿಗಳ ಮಾಲೆ ಡಾಬಿ ಏರಿತು. ಉಳಿದ ಮೂರು ಮಗ್ಗಗಳು ಓಡುತ್ತಲೇ ಇದ್ದವು. ಕಾಶಪ್ಪ ಹ್ಯಾಂಡಲ್ ಎಳೆದರು. ಲಾಳಿ ಹೊಡೆಯಿತು. ಮೇಲೆ ಸಡಿಲ ನೂಲುಗಳ ಸಾಲು ಬಿಟ್ಟರೆ ಏನೂ ಕಾಣಲಿಲ್ಲ. ಬೆರಳಗಲ, ನಾಲ್ಕು ಬೆರಳಗಲ, ಗೇಣಗಲ. ಪ್ರಭುಲಿಂಗ ಕೈಸನ್ನೆಯಲ್ಲಿ ನನ್ನನ್ನು ಕರೆದು, ಬಗ್ಗಿ ಮಗ್ಗದ ಕೆಳಗೆ ತಲೆ ಹಾಕಿದರು. ನಾನೂ ಬಗ್ಗಿದೆ.

ಬಟ್ಟೆಯ ಕೆಳಗೆ ಹೂವು ಇತ್ತು. ಕೆಂಪಿನ ಮೇಲೆ ಹಳದಿ, ಒಂದರ ಹಿಂದೊಂದು, ಒಂದು ಎಸಳೂ ತಪ್ಪದೆ. ಅವರು ಹೂವನ್ನು ನೋಡಲಿಲ್ಲ. ನಾನು ನೋಡುವುದನ್ನು ನೋಡುತ್ತಿದ್ದರು. ಕಣ್ಣಂಚಿನಲ್ಲಿ ನೀರು ನಿಂತಿತ್ತು. ನನ್ನದೋ ಅವರದೋ ಈಗ ನೆನಪಿಲ್ಲ.

ಮಗ್ಗದ ಕೆಳಗಿಂದ ಹೊರಗೆ ಬಂದು ನೆಟ್ಟಗೆ ನಿಂತೆವು. ಇಂಥ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳದು. ಅದೇ ಧೈರ್ಯ ಕೊಟ್ಟಿತು. ಜೀವನದಲ್ಲಿ ಮೊದಲ ಸಲ, ಮನಸ್ಸಿನಲ್ಲಿ ಒಮ್ಮೆಯೂ ಬರೆದು ಅಳಿಸದೆ ಹೇಳಿದೆ.

"ನನಗ ನೀವು ಬೇಕ್ರಿ. ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ."

ಅವರ ಮುಖ ಕೆಂಪೇರಿತು. ಕೇಳಿಸಿತೇ? ತುಟಿ ಮಾತ್ರ ಆಡಿಸಿ ಏನೋ ಅಂದರು. 'ನನಗೂ' ಎಂದಿರಬೇಕು.

ಆಗ ನೋಡಿದರೆ ಶಿದ್ರಾಮಪ್ಪ ಟವೆಲಿನಲ್ಲಿ ಮುಖ ಮುಚ್ಚಿ ನಗುತ್ತಿದ್ದ. ಕಾಶಪ್ಪ ಕತ್ತೆತ್ತಿ ಡಾಬಿಯನ್ನು ಬಹಳ ಗಮನದಿಂದ ನೋಡುತ್ತಿದ್ದರು. ಬೋರವ್ವ ಕಂಡಿಕೆ ಬುಟ್ಟಿ ಸರಿಸಿ ಎದ್ದು ಬಂದು, ನನ್ನ ಕಿವಿಗೆ ಬಾಯಿ ಹಚ್ಚಿದರು.

"ಮಗ್ಗದ ಮನ್ಯಾಗ ಹುಟ್ಟಿ ಬೆಳದವ್ರು ಕಿವಿಲೆ ಮಾತು ಕೇಳೂದಿಲ್ಲವಾ, ಕಣ್ಣಿಲೆ ಕೇಳತೀವಿ. ತುಟಿ ಅಲ್ಲಾಡಿದ್ರ ಸಾಕು. ನೀ ಅಂದದ್ದು ಅವನೊಬ್ಬಗ ಅಲ್ಲ, ಇಡೀ ಶೆಡ್ಡಿಗೆ ಕೇಳ್ತು."

ನೆಲ ಬಾಯಿ ಬಿಡಬಾರದೇ ಎನಿಸಿತು. ಬೋರವ್ವ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದರು. ಸ್ವಲ್ಪ ಹೊತ್ತು ನೋಡಿದರು. ಕುರಿ ಕಾಯುವವರ ಮಗಳು, ನೇಕಾರರ ಮನೆ. ಅವರ ಕಣ್ಣಲ್ಲಿ ಆ ಲೆಕ್ಕವೆಲ್ಲ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ದನಿಯಿಲ್ಲದೆ, ತುಟಿಯಲ್ಲೇ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಕೇಳಿದರು.

"ನಿಮ್ಮಪ್ಪ ಕುರಿ ಬಿಟ್ಟು ಮನ್ಯಾಗ ಯಾವಾಗ ಸಿಗತಾರ?"

"ನಾಳೆ ಇರತಾರ್ರಿ" ಎಂದೆ. ನಾನೂ ದನಿ ತೆಗೆಯಲಿಲ್ಲ. ಅವರಿಗೆ ಕೇಳಿಸಿತು.