ತಿಕೋ ದ್ವೀಪದ ನಲವತ್ತಮೂರು ಪುಸ್ತಕ

2024ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 9.10. ಅಮೆರಿಕದ ಫಾಸ್ಟರ್ ಸಿಟಿ ಠಾಣೆಗೆ ಬಂದ ದೂರು ಕೇಳಿ ಡಿಟೆಕ್ಟಿವ್ ಲೀಲಾಧರರಿಗೆ ನಗು ತಡೆಯುವುದೇ ಕಷ್ಟವಾಯಿತು. ಕಾರು ಹೋಗಿಲ್ಲ, ಲ್ಯಾಪ್‌ಟಾಪ್ ಹೋಗಿಲ್ಲ. ಹೋದದ್ದು ಎರಡು ಪೆಟ್ಟಿಗೆ ಹಳೇ ನೋಟ್‌ಬುಕ್ಕು! ಮಂಗಳೂರಿನಲ್ಲಾಗಿದ್ದರೆ ಎಫ್‌ಐಆರ್ ಬರೆಯುವ ರೈಟರು ದೂರುದಾರರ ಮುಖವನ್ನೇ ಎರಡು ಸಲ ನೋಡುತ್ತಿದ್ದ. ಇಲ್ಲಿ ಅದಕ್ಕೂ ಒಂದು ಕೇಸ್ ನಂಬರು ಬಿತ್ತು.

ದೂರು ತಂದವಳು ಹಾಸನದ ಕಡೆಯ ಮೈಥಿಲಿ. ಪೆಸಿಫಿಕ್ ಸಾಗರದ ಲುವಾಮಾ ಎಂಬ ದ್ವೀಪ ಪ್ರಾಂತ್ಯದ ಆರೋಗ್ಯ ವ್ಯವಸ್ಥೆಯನ್ನು ಅಳೆದು ಅಂಕ ಕೊಡುತ್ತಿದ್ದ ಸಣ್ಣ ಸಂಸ್ಥೆಯೊಂದರ ಮ್ಯಾನೇಜರು.

"ಎಂತ ಇತ್ತು ಆ ಪುಸ್ತಕಗಳಲ್ಲಿ?"

"ಸರಿಯಾಗಿ ಗೊತ್ತಿಲ್ಲ ಸರ್. ಲುವಾಮಾದ ತಿಕೋ ಅನ್ನೋ ಚಿಕ್ಕ ದ್ವೀಪದ ನರ್ಸ್ ಹಡಗಲ್ಲಿ ಕಳ್ಸಿದ್ರು. ನಮ್ಮ ಫಾರ್ಮಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ರೋಗಿಗಳ ಕಾಗದ ನಾಶ ಮಾಡ್ಬೇಕು ಅಂತ ಕಾಂಟ್ರಾಕ್ಟು. ನಾಳೆ ಶ್ರೆಡ್ಡಿಂಗ್ ಟ್ರಕ್ಕು ಬರೋದಿತ್ತು."

"ಚೂರು ಮಾಡ್ಲಿಕ್ಕೆ ಇಟ್ಟದ್ದು ಹೋದ್ರೆ ಇಷ್ಟು ಗಾಬರಿ ಎಂತಕ್ಕೆ ಮಾರಾಯ್ರೇ?"

"ಪೇಷಂಟ್ಸ್ ಹೆಸ್ರಿದೆ ಸರ್. ಹೊರಗೆ ಬಂದ್ರೆ ನಮ್ಮ ಕತೆ ಮುಗೀತು. ಶುಕ್ರವಾರ ರಿಪೋರ್ಟು ಬೇರೆ ಕೊಡ್ಬೇಕು."

"ತಿಕೋಗೆ ಎಷ್ಟು ಅಂಕ?"

"ಸೊನ್ನೆ. ಅಲ್ಲಿನ ಕ್ಲಿನಿಕ್ಕಿಗೆ ಯಾರೂ ಬರೋದೇ ಇಲ್ಲ. ಮುಚ್ಚಿಬಿಡಿ ಅಂತ ಬರ್ದಿದ್ದೀವಿ."

11.00. ಸ್ಥಳ ಪರಿಶೀಲನೆ. ಸ್ಟೋರ್‌ರೂಮಿನ ಬೀಗ ಮುರಿದಿರಲಿಲ್ಲ. ಸೋಮವಾರ ಹದಿನೇಳು ಮಂದಿ ಕಾರ್ಡು ತೋರಿಸಿ ಒಳಗೆ ಹೋಗಿ ಬಂದಿದ್ದರು. ಜತೆಗಿದ್ದ ಆಫೀಸರ್ ಲಾಸ್ಯಾ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಪೆಟ್ಟಿಗೆ ಇದ್ದ ಕಪಾಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಗೀಚಿತ್ತು.

"ಸಮ್ ಕಾರ್ಪೆಂಟರ್ಸ್ ಮಾರ್ಕ್, ಸರ್," ಎಂದು ಫೋಟೋ ತೆಗೆದಳು.

ಲೀಲಾಧರರು ಕನ್ನಡಕ ಏರಿಸಿ ನೋಡಿದರು. "11-3. ಪ." ಚಿಕ್ಕಂದಿನಲ್ಲಿ ಜ್ವರದ ವಿಚಾರಣೆಗೆ ಮನೆಗೆ ಬರುತ್ತಿದ್ದ ಸಿಸ್ಟರು ಹೋಗುವಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ಹೀಗೇ ತಾರೀಕು, ಹೆಸರಿನ ಮೊದಲಕ್ಷರ ಬರೆಯುತ್ತಿದ್ದರು. ಸುಣ್ಣ ಹೊಡೆಯುವಾಗ ಅಮ್ಮ ಅಷ್ಟು ಜಾಗ ಮಾತ್ರ ಬಿಡುತ್ತಿದ್ದರು.

"ನಿಮ್ಮಲ್ಲಿ ಊರಿನ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ಬಂದವರು ಯಾರಾದ್ರೂ ಇದ್ದಾರಾ?" ಎಂದು ಮೈಥಿಲಿಯನ್ನು ಕೇಳಿದರು.

"ಡೇಟಾ ಎಂಟ್ರಿ ಮಾಡೋ ಪದ್ಮಜಾ ಆಂಟಿ," ಎಂದ ಮೈಥಿಲಿ ಬಾಯಿ ಮುಚ್ಚಿಕೊಂಡಳು. "ಇವತ್ತು ರಜ. ಮನೆ ಗಿಲ್‌ರಾಯಲ್ಲಿ."

ಫ್ರೀವೇ ಹಿಡಿದು ಗಿಲ್‌ರಾಯ್ ಮುಟ್ಟುವಾಗ 2.20. ಬೆಳ್ಳುಳ್ಳಿಗೇ ಹೆಸರಾದ ಊರು; ಅದರ ವಾಸನೆ ಕಾರಿನೊಳಗೇ ಬಂದು ಕೂತಿತ್ತು. ಬಾಗಿಲು ತೆರೆದ ಹೆಂಗಸಿಗೆ ಐವತ್ತೆಂಟಿರಬಹುದು. ಬ್ಯಾಡ್ಜು ನೋಡಿ ಹೆದರಲಿಲ್ಲ.

"ಬನ್ನಿ ಸಾರ್. ಶೂ ಅಲ್ಲೇ ಬಿಡಿ, ಪುಸ್ತಕ ಹರಡಿವ್ನಿ."

ಗ್ಯಾರೇಜಿನ ತುಂಬ ಹಾಸಿದ ಬೆಡ್‌ಶೀಟಿನ ಮೇಲೆ ನಲವತ್ತಮೂರು ಪುಸ್ತಕ ಸಾಲಾಗಿದ್ದವು. ಪ್ರತಿಯೊಂದರ ಮೂಲೆಯಲ್ಲಿ ತೂತು, ತೂತಿಗೆ ದಾರ.

"ನೀವೇ ತಗೊಂಡದ್ದಾ?"

"ಹೂ ಸಾರ್."

"ಹೆಸರು ಬರೆದಿಟ್ಟು ಕದಿಯುವವರನ್ನು ನಾನು ಇದೇ ಮೊದಲು ನೋಡುವುದು."

ಪದ್ಮಜಾ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಬರ್ದ್‌ಬುಟ್ನಾ! ಮಂಡ್ಯದಾಗೆ ಇಪ್ಪತ್ತೆರಡು ವರ್ಷ ಮನೆಮನೆ ತಿರುಗ್ದೋಳು ಸಾರ್. ಎಲ್ಲೋದ್ರೂ ಕೈ ತಾನೇ ಬರ್ದ್‌ಬುಡ್ತದೆ."

"ಯಾಕೆ ತಗೊಂಡ್ರಿ?"

"ತಿಕೋಲಿ ಯಾರೂ ಕ್ಲಿನಿಕ್ಕಿಗೆ ಬರಕ್ಕಿಲ್ಲ, ನಿಜ. ನರ್ಸಮ್ಮನೇ ಮನೆಗೋಯ್ತಾಳೆ. ಮನೆಗೊಂದು ಪುಸ್ತಕ, ಅಡುಗೆಮನೆ ಮೊಳೆಗೆ ನೇತಾಕಿರ್ತಾರೆ. ವಾರಕ್ಕೊಂದು ಸಲ, ನಲವತ್ತಮೂರು ಮನೆಗೂ, ಒಬ್ಬಳೇ. ಹತ್ತೊಂಬತ್ತು ವರ್ಷ ಸಾರ್! ಕ್ಲಿನಿಕ್ಕಿಗೆ ಬಂದೋರೆಷ್ಟು ಅಂತ ಫಾರ್ಮು ಕೇಳ್ತು. ಸೊನ್ನೆ ಹಾಕ್ದೆ. ಸೋಮವಾರ ಪೆಟ್ಟಿಗೆ ಬಿಚ್ಚಿ ನೋಡಿದ್ಮೇಲೆ ಗೊತ್ತಾಯ್ತು. ಮೇಡಮ್ಮಿಗೆ ಹೇಳೋಕೋದ್ರೆ, ಡೇಟಾ ಕ್ಲೋಸ್ ಆಯ್ತು ಆಂಟಿ, ಬಿಟ್ಬುಡಿ ಅಂದು ಮೀಟಿಂಗಿಗೆ ಓಡಿದ್ರು."

ಲೀಲಾಧರರು ಮೂವತ್ತೊಂದನೇ ಮನೆಯ ಪುಸ್ತಕ ಎತ್ತಿಕೊಂಡರು. ವಾರಕ್ಕೊಂದು ಸಾಲು: ತಾರೀಕು, ಬಿಪಿ, ಶುಗರ್, ಸಹಿ. ಮಗು ಹುಟ್ಟಿದ್ದು, ಅದೇ ಮಗು ಶಾಲೆಗೆ ಹೋದದ್ದು, ಮುದುಕನ ಕಾಲಿನ ಹುಣ್ಣು ಮಾಯ್ದದ್ದು, ಎಲ್ಲ ಅಲ್ಲಿತ್ತು. ಒಂದು ಕಡೆ ಶಾಯಿ ಕದಡಿತ್ತು. ಇಂಗ್ಲಿಷಿನಲ್ಲಿದ್ದುದನ್ನು ಲಾಸ್ಯಾ ಗಟ್ಟಿಯಾಗಿ ಓದಿದಳು: ಚಂಡಮಾರುತ. ದೋಣಿ ಹೋಯಿತು. ಈಜಿ ಬಂದೆ. ಬಿಪಿ 130/84. ಪುಸ್ತಕ ಒದ್ದೆಯಾಗಿದೆ, ಕ್ಷಮಿಸಿ.

"ಶಿ ಸ್ವ್ಯಾಮ್, ಸರ್," ಎಂದು ಆ ಹುಡುಗಿ ನೆಲಕ್ಕೇ ಕೂತುಬಿಟ್ಟಳು.

ಅಬ್ಬಾ! ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಲೀಲಾಧರರು ಇಂಥ ದಾಖಲೆ ಕಂಡಿರಲಿಲ್ಲ. ಕಾಣದ ಆ ಹೆಂಗಸಿಗೆ ಕೈ ಮುಗಿಯಬೇಕು ಅನ್ನಿಸಿತು. ಯೂನಿಫಾರ್ಮಿನ ಹುಡುಗಿ ಎದುರಿಗಿದ್ದಳಲ್ಲ, ಸುಮ್ಮನಾದರು.

"ಪದ್ಮಜಾ ಅವರೇ, ನಿಮ್ಮನ್ನು ಬಂಧಿಸಬೇಕಾಗ್ತದೆ."

"ಗೊತ್ತು ಸಾರ್. ಮೂವತ್ತೊಂದು ಮನೆ ಎಣ್ಸಿವ್ನಿ. ಇನ್ನ ಹನ್ನೆರಡು ಉಳ್ದವೆ. ಪುಸ್ತಕ ಅವ್ರಿಗೆ ವಾಪಸ್ ಹೋದ್ರೆ ಮತ್ತೆ ಆ ಟ್ರಕ್ಕಿಗೇ..."

ವಶಪಡಿಸಿಕೊಂಡ ವಸ್ತುವಿನ ಪಟ್ಟಿ ಮಾಡಬೇಕು, ಪ್ರತಿಯನ್ನು ದೂರುದಾರರಿಗೆ ಕೊಡಬೇಕು. ಊರಿನ ಪಂಚನಾಮೆಯಂತೆ ಇಲ್ಲಿಯೂ ಅದು ಕ್ರಮ. ಎಷ್ಟು ವಿವರವಾಗಿ ಬರೆಯಬೇಕೆಂದು ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ಲೀಲಾಧರರು ಕೋಟು ಕಳಚಿ ಬೆಡ್‌ಶೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಲಾಸ್ಯಾ, ಬರಿ. ಪುಸ್ತಕ ಒಂದು. ಅದರಲ್ಲಿರುವ ಮನೆಭೇಟಿಯ ನಮೂದು ಎಷ್ಟು, ಎಣಿಸಿ ಬರಿ."

"ಆಲ್ ಆಫ್ ದೆಮ್?"

"ಒಂದನ್ನೂ ಬಿಡಬೇಡ."

ಪದ್ಮಜಾ ಮೂಲೆಯ ಕುರ್ಚಿಯಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಗಿಯುವಾಗ ಸಂಜೆ 6.40. ಅವರ ಮೂವತ್ತೊಂದು ಮನೆಯ ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ. 6.45ಕ್ಕೆ ಬಂಧನ ದಾಖಲಾಯಿತು.

ಬುಧವಾರ ಬೆಳಿಗ್ಗೆ ಮೈಥಿಲಿ ಪಟ್ಟಿಗೆ ಸಹಿ ಹಾಕಲು ಬಂದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಒಟ್ಟು ಮನೆಭೇಟಿ: 42,317.

"ಇದು ಸರೀನಾ ಸರ್?"

"ಎರಡೆರಡು ಸಲ ಎಣಿಸಿದ್ದು."

"ಆಂಟಿ ಮೊನ್ನೆ ಇದನ್ನೇ ಹೇಳೋಕ್ ಬಂದಿದ್ರು. ನಾನು ಕೇಳಿಸ್ಕೊಳ್ಳಲೇ ಇಲ್ಲ," ಎಂದಳು. ಅಲ್ಲಿಂದಲೇ ಫೋನು ಮಾಡಿ ಟ್ರಕ್ಕು ಬೇಡವೆಂದಳು.

ಶುಕ್ರವಾರ ಹೋದ ರಿಪೋರ್ಟಿನಲ್ಲಿ ಹೊಸದೊಂದು ಕಾಲಮ್ಮಿತ್ತು. ತಿಕೋ ಕ್ಲಿನಿಕ್ಕನ್ನು ಮುಚ್ಚುವ ಶಿಫಾರಸು ಇರಲಿಲ್ಲ. ಪದ್ಮಜಾ ಕೋರ್ಟಿಗೆ ಹಾಜರಾಗುವ ಚೀಟಿಗೆ ಸಹಿ ಹಾಕಿ ಮನೆಗೆ ಹೋಗಿದ್ದರು. ಏಪ್ರಿಲ್ 9ಕ್ಕೆ ವಿಚಾರಣೆ. ದೂರು ಹಿಂತೆಗೆದುಕೊಳ್ಳುತ್ತೇನೆಂದು ಮೈಥಿಲಿ ಪತ್ರ ಕೊಟ್ಟಿದ್ದಳು; ಅದನ್ನು ಒಪ್ಪುವುದು ಬಿಡುವುದು ಸರಕಾರಿ ವಕೀಲರಿಗೆ ಸೇರಿದ್ದು.

ಲೀಲಾಧರರು ವರದಿ ಮುಗಿಸಿದರು. ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ, ಬರೆದರು: ಆರೋಪಿಯು ತಾನೇ ಹಾಕಿದ ಒಂದು ಸೊನ್ನೆಯನ್ನು ತಿದ್ದಬೇಕಾಗಿತ್ತು.