ಐದು ಜನರ ಬಸ್ಸು

"ಐದು ಜನಕ್ಕೆ ಒಂದು ಬಸ್ಸಾ? ಒಂದು ಕಾರು ಸಾಕಲ್ಲಮ್ಮಾ!"

ಬಸ್ ಆಫೀಸಿನ ಸಾಹೇಬರು ಹಾಳೆಯನ್ನು ಮೇಜಿನ ಮೇಲಿಟ್ಟು ನಕ್ಕರು. ಹುಡುಗಿ ಪಿಟೀಲು ತನ್ನ ಟೀಚರ್ ಬೆನ್ನ ಹಿಂದೆ ಸರಿದಳು. ಮಾತೆತ್ತಿದರೆ ರಾಗ ಎಳೆಯುತ್ತಾಳೆಂದು ಮನೆಯವರು ಇಟ್ಟ ಹೆಸರು ಅದು.

"ಸಂಜೆ ಬಸ್ ತುಂಬಿರುತ್ತೆ ಸರ್. ನಾನೇ ನೋಡಿದೀನಿ," ಎಂದರು ಟೀಚರ್.

"ಎಣಿಸಿದ್ದು ನಿಮ್ಮ ಮಕ್ಕಳೇ ತಾನೇ? ಸರಾಸರಿ ಐದು ಅಂತ ನೀವೇ ಬರ್ಕೊಂಡು ಬಂದಿದೀರಿ. ನಾನೇನು ಮಾಡ್ಲಿ ಹೇಳಿ?"

ಆ ಸಂಜೆ ಬಸ್ಸನ್ನು ರದ್ದು ಮಾಡುವ ಕಾಗದಕ್ಕೆ ಅವರು ಅಲ್ಲೇ ಸಹಿ ಹಾಕಿಬಿಟ್ಟರು.

ಪಿಟೀಲುವಿನ ಅಮ್ಮ ಶಾಲೆಯ ಪಕ್ಕದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾಳೆ. ಸಂಜೆಯ ಹೊತ್ತಿಗೆ ಅವಳ ಮಂಡಿ ಊದಿಕೊಂಡಿರುತ್ತದೆ. ಆ ಬಸ್ಸು ಇಲ್ಲದಿದ್ದರೆ ಸೇತುವೆ ದಾಟಿ ಮನೆತನಕ ನಡೆಯಬೇಕು. ಅದನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಕ್ಲಾಸಿನವರೆಲ್ಲ ಸರದಿ ಹಾಕಿಕೊಂಡು, ಸ್ಟಾಪಿನಲ್ಲಿ ಬಸ್ಸು ಹತ್ತುವವರನ್ನು ದಿನಾ ಎಣಿಸಿದ್ದರು.

ಅದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಪಿಟೀಲು ತಾನೇ ಕೇಳಿ ಪಡೆದಿದ್ದಳು. ಅವಳ ಅಕ್ಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಪ್ರೋಗ್ರಾಮಿಗೆ ಫೈಲ್ ಓದಿಸಿ ಸರಾಸರಿ ತೆಗೆಯುವುದನ್ನು ಅಕ್ಕ ಕಲಿಸಿದ್ದಳು. ಕಲಿತದ್ದು ನಾಲ್ಕೇ ಸಾಲು, ಜಂಬ ಮಾತ್ರ ಆಕಾಶದಷ್ಟು!

ಮನೆಗೆ ಬಂದವಳೇ ಅಕ್ಕನ ಮುಂದೆ ಲ್ಯಾಪ್‌ಟಾಪ್ ಇಟ್ಟಳು.

"ಅಯ್ಯೋ, ಏನೇ ಮಾಡಿದೆ?"

"ಕೆಂಪು ಅಕ್ಷರದಲ್ಲಿ ಎರರ್ ಬಂತು. ಈ ಕಾಲಂನಲ್ಲಿರೋದು ಅಂಕಿ ಅಲ್ಲ, ಸರಾಸರಿ ಬರಲ್ಲ ಅಂತು. ಅಂಕಿನೇ ಅಲ್ವಾ ಅಂತ, ನೀನು ಹೇಳ್ಕೊಟ್ಟಿದ್ದ 'ಅಂಕಿ ಮಾಡು' ಕಮಾಂಡ್ ಕೊಟ್ಟೆ. ಕೆಂಪು ಹೋಯ್ತು."

"ಐದು ಅಂತ ಬಂದಾಗ ಅನುಮಾನ ಬರ್ಲಿಲ್ವಾ?"

"ಬಂತು. ಆದ್ರೆ ಕಂಪ್ಯೂಟರ್ ತಪ್ಪು ಹೇಳುತ್ತಾ?"

ಅಕ್ಕ ಕಾಲಂ ಉದ್ದಕ್ಕೂ ಬೆರಳಾಡಿಸಿದಳು. ಇಪ್ಪತ್ತೈದು, ಇಪ್ಪತ್ತೆಂಟು, ಇಪ್ಪತ್ನಾಲ್ಕು. ನಡುವೆ ಒಂದೇ ಒಂದು ಕಡೆ, ಬಸ್ಸು ಕೆಟ್ಟು ನಿಂತ ದಿನದ್ದು, ಪಿಟೀಲು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದಳು: 'ಬಸ್ ಬರಲಿಲ್ಲ.'

"ಇದೊಂದು ಮಾತು ಸಿಕ್ಕಿತು ನೋಡು, ಪ್ರೋಗ್ರಾಮು ಇಡೀ ಕಾಲಂ ಅನ್ನೇ ಮಾತು ಅಂದ್ಕೊಂಡಿತು. ಎಲ್ಲವನ್ನೂ ಡಿಕ್ಷನರಿ ಥರ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟಿತು. ನೀನು ಅಂಕಿ ಮಾಡು ಅಂದಾಗ ಆ ನಂಬರನ್ನೇ ತೆಗೆದುಕೊಟ್ಟಿದೆ. ಮಾರ್ಕ್ಸ್ ಕೇಳಿದ್ರೆ ರೋಲ್ ನಂಬರ್ ಕೊಟ್ಟ ಹಾಗೆ."

"ಹಾಗಾದ್ರೆ ಅಲ್ಲಿ ಸೊನ್ನೆ ಹಾಕ್ಲಾ?"

"ಬೇಡ. ಸೊನ್ನೆ ಅಂದ್ರೆ ಬಸ್ ಬಂತು, ಯಾರೂ ಹತ್ತಲಿಲ್ಲ ಅಂತ. ಅವತ್ತು ಎಷ್ಟು ಜನ ಹತ್ತುತ್ತಿದ್ರೋ ನಮಗೆ ಗೊತ್ತೇ ಇಲ್ಲ. ಖಾಲಿ ಬಿಡ್ಬೇಕು."

ಫೈಲ್ ಓದುವಾಗಲೇ ಆ ಮಾತನ್ನು ಖಾಲಿ ಎಂದು ತಿಳಿ, ಉಳಿದದ್ದೆಲ್ಲ ಅಂಕಿ ಎಂದು ತಿಳಿ ಅಂತ ಅಕ್ಕ ಒಂದು ಸಾಲು ಬರೆದಳು. ಸರಾಸರಿ ಇಪ್ಪತ್ತಾರು ಬಂತು. ಪಿಟೀಲು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಹೊಸ ಹಾಳೆಯೊಂದಿಗೆ ಟೀಚರೂ ಅವಳೂ ಮತ್ತೆ ಆಫೀಸಿಗೆ ಹೋದರು. ಸಾಹೇಬರು ಈ ಸಲ ನಗಲಿಲ್ಲ. ಎರಡು ಸಲ ಓದಿದರು.

"ಸರಿಯಾಗಿದೆ ಮಗು. ಆದ್ರೆ ಆ ಬಸ್ಸನ್ನ ಬೇರೆ ರೂಟಿಗೆ ಕೊಟ್ಟಾಯ್ತು. ಮುಂದಿನ ವರ್ಷ ನೋಡೋಣ."

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತಾರೆ," ಎಂದರು ಟೀಚರ್, ಮೆಟ್ಟಿಲು ಇಳಿಯುತ್ತಾ. ಕೊನೆಯ ಮೆಟ್ಟಿಲಲ್ಲಿ ನಿಂತು, "ನಾನೂ ಸರಿಯಾಗಿ ನೋಡ್ದೆ ಎತ್ಕೊಂಡು ಬಂದೆ ಕಣೇ," ಎಂದರು. ಅವರ ಮುಖವೂ ಸಪ್ಪಗಾಗಿತ್ತು.

ಅಂದು ಸಂಜೆ ಸ್ಟಾಪಿನಲ್ಲಿ ಜನ ಎಂದಿನಂತೆ ನಿಂತಿದ್ದರು. ಬಸ್ಸಿಲ್ಲವೆಂದು ಗೊತ್ತಿದ್ದೂ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡು ಸೇತುವೆಯ ಕಡೆ ನಡೆದರು. ಬೇಡವೆಂದರೂ ಪಿಟೀಲುವಿನ ಕಣ್ಣು ಅವರನ್ನು ಎಣಿಸುತ್ತಲೇ ಇತ್ತು.

ಕಾರ್ಖಾನೆಯಿಂದ ಅಮ್ಮ ಕುಂಟುತ್ತಾ ಬಂದಳು.

"ಅಮ್ಮಾ, ಇದು ನನ್ನಿಂದಲೇ ಆಗಿದ್ದು."

"ಅಕ್ಕ ಹೇಳಿದ್ಲು." ಅಮ್ಮ ಅಷ್ಟೇ ಹೇಳಿ ಮಂಡಿ ನೀವಿಕೊಂಡಳು. "ನಡಿ, ಕತ್ತಲಾಗುತ್ತೆ."

ಪಿಟೀಲು ತಿರುಗಿ ಖಾಲಿ ರಸ್ತೆಯನ್ನು ನೋಡಿದಳು. ಇನ್ನು ಮೇಲೆ ಎಣಿಸಿದರೆ ಕಾಲಂ ತುಂಬ 'ಬಸ್ ಬರಲಿಲ್ಲ' ಎಂದೇ ಬರೆಯಬೇಕು. ಅಕ್ಕ ಬರೆದ ಸಾಲು ಅದನ್ನೆಲ್ಲ ಖಾಲಿ ಎಂದೇ ಓದುತ್ತದೆ. ಆಗ ಪ್ರೋಗ್ರಾಮಿಗೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಅವಳು ಅಮ್ಮನ ಹೆಗಲಿನಿಂದ ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡಳು. ಅಮ್ಮ ಎಷ್ಟು ನಿಧಾನವೋ ಅಷ್ಟೇ ನಿಧಾನವಾಗಿ ನಡೆದಳು.