ಸುಳ್ಳು ಹೇಳಿದ ಮೂರು ದಿನ

ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ಭುಜಂಗ ರಾಯ ಹೆಂಡತಿಯ ಮುಖವನ್ನು ಎವೆಯಿಕ್ಕದೆ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಪ್ರೀತಿ ಮಾತ್ರ ಇರಲಿಲ್ಲ!

ಮಹಾನಗರದಂಚಿನ ಖಾರಘರದ ಅವರ ಫ್ಲ್ಯಾಟಿನ ಹಾಲ್ ತುಂಬ ಜನ. ಸತ್ಯನಾರಾಯಣ ಪೂಜೆ. ಪ್ರಸಾದದ ತಟ್ಟೆ ಹಿಡಿದು ಉಮಾವತಿ ಎದ್ದು ನಿಂತದ್ದೇ ತಡ, ಗಂಡನ ಅಕ್ಕ ದ್ರೌಪದಿ ಹಿಂದಿನಿಂದ ಕಿರುಚಿದಳು.

"ಅಯ್ಯೋ ದೇವರೇ! ಉಮಾ, ನಿನ್ನ ಸೀರೆ ನೋಡು!"

ಕೆನೆಬಣ್ಣದ ಸೀರೆಯ ಮೇಲೆ ಅಂಗೈ ಅಗಲದ ರಕ್ತದ ಕಲೆ.

"ಹೋದ ವಾರವಷ್ಟೇ ಮೂರು ದಿನ ಹೊರಗೆ ಕೂತಿದ್ದಿ ಅಲ್ವಾ? ಅದನ್ನು ಕೇಳಿಯೇ ಅಲ್ವಾ ನಾನು ಪೂಜೆಗೆ ಈ ದಿನ ಇಟ್ಟದ್ದು? ಎಂಟು ದಿನಕ್ಕೆ ಪುನಃ ಎಂತದು ಮಾರಾಯ್ತಿ?"

ಉಮಾವತಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಭಟ್ಟರು ಮಂತ್ರ ನಿಲ್ಲಿಸಿದ್ದರು. ಕಾಲೇಜಿಗೆ ಹೋಗುವ ಮಗಳು ದಿಶಾ ಓಡಿಬಂದು ದುಪಟ್ಟಾ ಹೊದಿಸಿದಳು.

ಭುಜಂಗ ರಾಯ ಎದ್ದು ಬಂದ.

"ಹೋದ ವಾರದ್ದು ನಿಜವಾ, ಇದು ನಿಜವಾ?"

"ಇದು..."

"ಹಾಗಾದರೆ ಅದು?"

ದೇವರ ಮುಂದೆ ಎರಡನೇ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಸುಳ್ಳು."

"ಎಷ್ಟು ತಿಂಗಳಿಂದ?"

"ನಾಲ್ಕು..."

ಯಾರೋ ಕಿಸಕ್ಕನೆ ನಕ್ಕರು. ಗಂಡನಿಗೆ ಅಷ್ಟು ಸಾಕಾಯಿತು.

"ನಾಲ್ಕು ತಿಂಗಳು! ಬೇಲಾಪುರದಿಂದ ಕ್ಯಾಂಟೀನ್ ಬಿಟ್ಟು ಓಡಿಬಂದು ನಾನು ಬೇಯಿಸಿ ಹಾಕುವುದು, ಮಹಾರಾಣಿ ಚಾಪೆಯಲ್ಲಿ ಕೂತು ತಿನ್ನುವುದು! ನಾಚಿಕೆ ಆಗ್ಲಿಲ್ವಾ ನಿಂಗೆ?"

ಆಯಿತು, ಆದರೆ ಸುಳ್ಳಿನ ಕಾರಣವನ್ನು ಅಷ್ಟು ಜನರೆದುರು ಹೇಳುವುದು ಹೇಗೆ? ಅವಳ ಬದಲು ನಾನಾದರೂ ಹೇಳಿಬಿಡುತ್ತೇನೆ.

ಆ ಮನೆಯಲ್ಲಿ ಮುಟ್ಟಾದರೆ ಹಿಂದಿನ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ. ಅಡುಗೆಮನೆಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಬೇರೆ ಹೆಂಗಸರಿಗೆ ಅದು ಶಿಕ್ಷೆ. ಉಮಾವತಿಗೆ ಮಾತ್ರ ಹಬ್ಬ!

ಬೇಲಾಪುರದ ಅರ್ಧ ಆಫೀಸುಗಳಿಗೆ ಉಣಬಡಿಸುವ ಮನುಷ್ಯ ಮನೆಯಲ್ಲಿ ಪೇಪರಿನಿಂದ ತಲೆ ಎತ್ತದೆ ಉಂಡು ಏಳುತ್ತಿದ್ದ. ತಿಂಗಳ ಆ ಮೂರು ದಿನ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಬಂದು ನೀರುದೋಸೆ ಹೊಯ್ಯುತ್ತಿದ್ದ. ಬಾಗಿಲ ಬಳಿ ನಿಂತು, ದೂರದಿಂದಲೇ ತಟ್ಟೆಗೆ ಹಾಕಿ, "ಸಾಕಾ? ಇನ್ನೊಂದು ಹಾಕಲಾ?" ಎಂದು ಕೇಳುತ್ತಿದ್ದ.

ಆ ಒಂದು ಪ್ರಶ್ನೆಗಾಗಿ ಅವಳು ಉಳಿದ ಇಪ್ಪತ್ತೇಳು ದಿನ ಕಾಯುತ್ತಿದ್ದಳು.

ನಲವತ್ತಾರನೇ ವಯಸ್ಸಿಗೆ ಮುಟ್ಟು ತಪ್ಪಿತು. ಮೊದಲ ತಿಂಗಳು ಕಾದಳು. ಎರಡನೇ ತಿಂಗಳೂ ಬರಲಿಲ್ಲ. 'ನಿಂತೇ ಹೋಯಿತು... ಇನ್ನು ಆ ಬಾಗಿಲಿಗೆ ಯಾರು ಬರುತ್ತಾರೆ?' ಒಂದು ಬೆಳಿಗ್ಗೆ ತಾನೇ ಚಾಪೆ ಹಾಸಿಕೊಂಡು ಕೂತುಬಿಟ್ಟಳು. ಕಳ್ಳಿ! ಕದ್ದದ್ದಾದರೂ ಏನು? ಗಂಡನ ಎರಡು ಮಾತು.

ನಿಂತದ್ದು ಮತ್ತೆ ಬರಬಹುದೆಂದು ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ.

ಪೂಜೆ ಅರ್ಧಕ್ಕೆ ನಿಂತಿತು. ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಭುಜಂಗ ರಾಯ ಹಿಂದಿನ ಕೋಣೆಯ ಕಡೆ ಬೆರಳು ತೋರಿಸಿದ.

"ಅಲ್ಲಿ ಕೂರುವುದು ಅಷ್ಟು ಇಷ್ಟವಲ್ವಾ? ಇನ್ನು ಅಲ್ಲೇ ಕೂತಿರು!"

ಕೂತಳು. ಒಂದಲ್ಲ, ಎರಡಲ್ಲ, ಇಪ್ಪತ್ತೆರಡು ದಿನ!

ಅವನು ಅಡುಗೆ ಮಾಡಲಿಲ್ಲ. ಕ್ಯಾಂಟೀನಿನ ಡಬ್ಬಿಯನ್ನು ಕಾಲಿನಿಂದ ಒಳಗೆ ತಳ್ಳಿ ಹೋಗುತ್ತಿದ್ದ. ರಕ್ತ ನಿಲ್ಲಲಿಲ್ಲ. ಗಂಟೆಗೊಮ್ಮೆ ಬಟ್ಟೆ ಬದಲಿಸಿದರೂ ಸಾಲದು. ಇದ್ದಕ್ಕಿದ್ದಂತೆ ಎದೆಯಿಂದ ಕಿವಿಯವರೆಗೆ ಕಾವು ಏರಿ, ಫ್ಯಾನಿನ ಕೆಳಗೂ ಬೆವರಿ ಒದ್ದೆಯಾಗುತ್ತಿದ್ದಳು. ಆಮೇಲೆ ನಡುಕ. ಮೆಟ್ಟಿಲು ಹತ್ತಿದವಳಂತೆ ಕೂತಲ್ಲೇ ಏದುಸಿರು.

"ರೀ... ತುಂಬಾ ಹೋಗ್ತಾ ಉಂಟು. ತಲೆ ತಿರುಗ್ತದೆ," ಎಂದಳು ಒಂದು ದಿನ ಬಾಗಿಲಿಗೆ ಒರಗಿ.

"ಇದೂ ನಾಟಕವಾ?"

ಆಮೇಲೆ ದಿಶಾ ಡಾಕ್ಟರ ಹತ್ತಿರ ಹೋಗೋಣವೆಂದು ಹಟ ಹಿಡಿದಾಗಲೂ "ನಿಲ್ತದೆ ಬಿಡು" ಎಂದಳು. ಅವಳಿಗೆ ಬದುಕುವ ಹಟವೇ ಹೋಗಿತ್ತು.

ಇಪ್ಪತ್ತೆರಡನೇ ದಿನ ಬಚ್ಚಲ ಬಾಗಿಲಲ್ಲಿ ಬಿದ್ದಳು.

"ಪಪ್ಪಾ! ಜಲ್ದೀ ಆವೋ! ಮಮ್ಮೀ ಉಠ್ ನಹೀ ರಹೀ!" ಅಮ್ಮ ಏಳುತ್ತಿಲ್ಲವೆಂದು ದಿಶಾ ಗಾಬರಿಯಲ್ಲಿ ಹಿಂದಿಯಲ್ಲೇ ಕೂಗಿದಳು.

ಕಾಮೋಠೆಯ ನರ್ಸಿಂಗ್ ಹೋಮ್. ಡಾಕ್ಟರ್ ಭಾಗ್ಯಾ ವಿಜಯಪುರದ ಕಡೆಯವರು. ಕೈಯಲ್ಲಿ ರಿಪೋರ್ಟು, ಕಣ್ಣಲ್ಲಿ ಕೆಂಡ.

"ಇಪ್ಪತ್ತೆರಡು ದಿನಾ ರಕ್ತ ಹೋಗೈತಿ! ಮನ್ಯಾಗಿದ್ದವ್ರು ಏನ್ ಮಾಡಾಕತ್ತಿದ್ರಿ? ಹಿಮೋಗ್ಲೋಬಿನ್ ಬರೇ ಆರು ಐತಿ!"

"ಅಲ್ಲ ಡಾಕ್ಟ್ರೇ, ಐದಾರು ತಿಂಗಳು ಆಗಲೇ ಇಲ್ಲ ಅಂತಾಳೆ. ಮತ್ತೆ ಈಗ ಹೇಗೆ ಬಂತು?"

ನೋಡಿ! ಆ ಹೊತ್ತಿನಲ್ಲೂ ಅವನು ಹುಡುಕುತ್ತಿದ್ದದ್ದು ಸುಳ್ಳನ್ನೇ.

"ಈ ವಯಸ್ಸಿನ್ಯಾಗ ಹಂಗಾ ಆಗ್ತೈತ್ರಿ. ಮುಟ್ಟು ನಿಲ್ಲೂಕಿಂತ ಮುಂಚೆ ಐದಾರು ತಿಂಗಳು ಬರಂಗಿಲ್ಲ, ಆಮ್ಯಾಲೆ ಒಮ್ಮೆಲೇ ಹರಿತೈತಿ. ಪೂರಾ ಒಂದು ವರ್ಷ ಬರಲಿಲ್ಲಂದ್ರ ನಿಂತೈತಿ ಅನ್ನಬೇಕು. ಮೈ ಕಾಯೂದು, ನಿದ್ದಿ ಕೆಡೂದು, ಸಿಟ್ಟು, ಅಳು... ಎಲ್ಲಾ ಅದರದಾ. ಆದ್ರ ಇಷ್ಟು ರಕ್ತ ಹೋಗೂದನ್ನ ಸಹಿಸ್ಕೊಂಡು ಕೂಡಬಾರದು. ಸೋನೋಗ್ರಫಿ ಮಾಡೂಣು, ಗರ್ಭಕೋಶದ ಒಳಗಿನ ಚೂರು ತಪಾಸಣಿಗೆ ಕಳಸೂಣು. ಔಷಧ ಅದಾವ. ಮೊದಲ ರಕ್ತ ಏರಸ್ತೀನಿ. ಇನ್ನೆರಡು ದಿನಾ ಬಿಟ್ಟಿದ್ರ ನಿಮಗ ಹೆಂಡ್ತಿ ಸಿಗ್ತಿದ್ದಿಲ್ಲ!"

ಡಾಕ್ಟರ್ ಹೋದರು. ಭುಜಂಗ ರಾಯ ಮಂಚದಿಂದ ಎರಡು ಮಾರು ದೂರ ಸ್ಟೂಲಿನಲ್ಲಿ ಕೂತ. ಅಭ್ಯಾಸ!

"ನಿಂತಿತು ಅಂತ ಹೇಳಿದ್ದರೆ ಆಗ್ತಿತ್ತಲ್ಲ ಉಮಾ? ಸುಳ್ಳು ಯಾಕೆ?"

ಮುಚ್ಚಿಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಆ ಮೂರು ದಿನ ನೀವು ನನ್ನನ್ನು ನೋಡ್ತಿದ್ರಿ. ಸಾಕಾ ಅಂತ ಕೇಳ್ತಿದ್ರಿ. ಉಳಿದ ದಿನ ನಾನು ಆ ಮನೆಯಲ್ಲಿ ಇದ್ದೇನಾ ಅಂತಲೂ ನಿಮಗೆ ಗೊತ್ತಿರ್ಲಿಲ್ಲ. ಮುಟ್ಟು ನಿಂತರೆ... ಅದೂ ಹೋಗ್ತದಲ್ಲ ಅಂತ ಹೆದರಿಕೆ ಆಯ್ತು."

ಡಬ್ಬಿ ತಳ್ಳಿದ ಕಾಲನ್ನು ಅವನು ಸ್ಟೂಲಿನ ಕೆಳಗೆ ಎಳೆದುಕೊಂಡ. 'ಇಷ್ಟೇಯಾ? ಇಷ್ಟಕ್ಕಾ ನಾನು ಇವಳನ್ನು ಊರೆದುರು...'

ಅಷ್ಟರಲ್ಲಿ ದ್ರೌಪದಿ ಬಾಗಿಲಿಗೆ ಬಂದಳು.

"ಭುಜಂಗ, ಮಂಚದ ಹತ್ತಿರ ಹೋಗ್ಬೇಡ. ಅವಳಿಗೆ ಇನ್ನೂ ನಿಂತಿಲ್ಲ."

ಅವನು ಸ್ಟೂಲು ಎಳೆದುಕೊಂಡು ಮಂಚಕ್ಕೆ ತಾಗಿ ಕೂತ. ಸೂಜಿ ಇಲ್ಲದ ಕೈಯನ್ನು ಹಿಡಿದುಕೊಂಡ. ಉಮಾವತಿ ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿದಳು.

"ಮುಟ್ಟಬೇಡಿ... ಇನ್ನೂ ಉಂಟು."

"ಗೊತ್ತುಂಟು."

ಅಕ್ಕನ ಕಡೆ ತಿರುಗಿದ.

"ಅಕ್ಕ, ಪೂಜೆಗೆ ಬಂದವರಿಗೆಲ್ಲ ನಾನೇ ಫೋನ್ ಮಾಡ್ತೇನೆ. ತಪ್ಪು ನನ್ನದು ಅಂತ ಹೇಳ್ತೇನೆ. ನೀನು ಇವತ್ತು ಮನೆಗೆ ಹೋಗು."

ದ್ರೌಪದಿ ಸೆರಗು ಕೊಡವಿ ಹೋದಳು. ಕೋಣೆಯಲ್ಲಿ ಇಬ್ಬರೇ.

"ಉಮಾ, ನಾನು ನಿನ್ನನ್ನು ಕೊಂದೇ ಬಿಡ್ತಿದ್ದೆ."

"ಹೌದು."

ಅಲ್ಲ ಎನ್ನುತ್ತಾಳೆಂದು ಅವನು ಕಾದ. ಅವಳು ಅನ್ನಲಿಲ್ಲ. ಯಾಕೆ ಅನ್ನಬೇಕು?

"ನೀನಂದ್ರೆ ನನಗೆ ಇಷ್ಟ. ಮೊದಲಿನಿಂದಲೂ. ಹೇಳ್ಲಿಕ್ಕೆ ಬರ್ಲಿಲ್ಲ."

"ಬೈಲಿಕ್ಕೆ ಮಾತ್ರ ಚೆನ್ನಾಗಿ ಬಂತು."

ಅವನು ಅಳುತ್ತಿದ್ದ. ಅವಳು ಎಷ್ಟೋ ವರ್ಷ ಬಯಸಿದ ಮಾತು ಬಂದಿತ್ತು, ಸಂತೋಷಪಡುವಷ್ಟು ರಕ್ತ ಮೈಯಲ್ಲಿರಲಿಲ್ಲ.

"ಕ್ಷಮಿಸ್ತೀಯಾ?"

"ಇವತ್ತು ಕೇಳ್ಬೇಡಿ."

"ನಾಳೆ ಕೇಳಲಾ?"

"ನಾಳೆ ಬನ್ನಿ. ನಾಡಿದ್ದೂ ಬನ್ನಿ. ನನಗೆ ಏನಾಗಿದೆ, ಏನಾಗಿಲ್ಲ ಅಂತ ನೋಡದೆ ದಿನಾ ಬನ್ನಿ. ಆಮೇಲೆ ಕೇಳಿ."

"ಬರ್ತೇನೆ."

ಅವನು ಕಣ್ಣೊರೆಸಿಕೊಳ್ಳಲು ಕೈ ಸಡಿಲಿಸಿದ.

"ಕೈ ಬಿಡ್ಬೇಡಿ," ಎಂದಳು ಉಮಾವತಿ ಕಣ್ಣು ಮುಚ್ಚಿ. "ಚಳಿ ಆಗ್ತದೆ."